ಪರಸಿ ಮೇಲೆ ಆಸಿಡ್ ಹಾಕೋ ಮುಂಚೆ

ಊರಲ್ಲಿರೋ ನಿಮ್ಮ ಹಳೇ ಮನೆಯ ನೆಲ ಯಾವ ಕಲ್ಲಿನದು ಗೊತ್ತಾ? ನಾನು ಕಲಬುರಗಿ ಕಡೆಯವಳು. ನಮ್ಮಲ್ಲಿ ಬಹುತೇಕ ಮನೆಗಳಲ್ಲಿ ಬೂದು ಬಣ್ಣದ ಪರಸಿ, ಅಂದರೆ ಶಹಾಬಾದ್ ಕಲ್ಲು. ಬೇಸಿಗೆ ಮಧ್ಯಾಹ್ನ ಅದರ ಮೇಲೆ ಮಲಗಿದವರಿಗೇ ಗೊತ್ತು ಅದರ ತಂಪು.

ಇದು ಕಣಶಿಲೆ. ಶಾಲೆಯಲ್ಲಿ ಅಗ್ನಿಶಿಲೆ, ಕಣಶಿಲೆ, ರೂಪಾಂತರ ಶಿಲೆ ಅಂತ ಬಾಯಿಪಾಠ ಮಾಡಿದ್ವಲ್ಲ, ಅದೇ. ಬಿಸಿಲು, ಮಳೆ, ಗಾಳಿಗೆ ಹಳೆಯ ಬಂಡೆ ಸವೆಯುತ್ತದೆ. ಆ ಕಣಗಳನ್ನು ನದಿ ಹೊತ್ತೊಯ್ದು ತಗ್ಗಿನಲ್ಲಿ, ಸಮುದ್ರದ ತಳದಲ್ಲಿ ಬಿಡುತ್ತದೆ. ಪದರದ ಮೇಲೆ ಪದರ ಕೂತಂತೆ ಕೆಳಗಿನದು ಒತ್ತಡಕ್ಕೆ ಬಿಗಿಯಾಗುತ್ತದೆ. ನೀರಿನಲ್ಲಿ ಕರಗಿದ್ದ ಸುಣ್ಣ, ಸಿಲಿಕಾ, ಕಬ್ಬಿಣದ ಅಂಶ ಕಣಗಳ ಸಂದಿಯಲ್ಲಿ ಗಟ್ಟಿಯಾಗಿ ಅವನ್ನು ಬೆಸೆಯುತ್ತವೆ. ಕೋಟ್ಯಂತರ ವರ್ಷಗಳಲ್ಲಿ ಕೆಸರು ಕಲ್ಲಾಗುತ್ತದೆ.

ಕಣಶಿಲೆಗಳಲ್ಲಿ ಮುಖ್ಯವಾಗಿ ಮೂರು ಬಗೆ.

ಮೊದಲನೆಯದು ಚೂರುಗಳಿಂದ ಆದದ್ದು. ಇಲ್ಲಿ ಕಣದ ಗಾತ್ರವೇ ಹೆಸರು ಕೊಡುತ್ತದೆ. 2 ಮಿಲಿಮೀಟರ್‌ಗಿಂತ ದಪ್ಪ ಉರುಟು ಕಲ್ಲುಗಳು ಬೆಸೆದಿದ್ದರೆ ಕಾಂಗ್ಲೋಮರೇಟ್, ಮರಳಿನಷ್ಟಿದ್ದರೆ ಮರಳುಗಲ್ಲು, ಕಣ್ಣಿಗೆ ಕಾಣದಷ್ಟು ನುಣ್ಣನೆಯ ಜೇಡಿಯಾದರೆ ಶೇಲ್. ಬಾದಾಮಿಯ ಗುಹೆಗಳನ್ನು ಕೊರೆದಿರುವುದು ಮರಳುಗಲ್ಲಿನಲ್ಲಿ. ಅದರ ಕೆಂಪು ಬಣ್ಣ ಕಬ್ಬಿಣದ್ದು.

ಎರಡನೆಯದು ನೀರಿನಲ್ಲಿ ಕರಗಿದ್ದ ಲವಣ ತಳಕ್ಕಿಳಿದು ಆದದ್ದು. ಜಿಪ್ಸಂ, ಕಲ್ಲುಪ್ಪು ಈ ಗುಂಪಿನವು. ಮೂರನೆಯದು ಜೀವಿಗಳ ಅವಶೇಷದಿಂದ ಆದದ್ದು. ರಾಯಚೂರಿನ ಥರ್ಮಲ್ ಸ್ಥಾವರದಲ್ಲಿ ಉರಿಯುವ ಕಲ್ಲಿದ್ದಲು ಒಂದು ಕಾಲದ ಗಿಡಮರ. ಸುಣ್ಣದಕಲ್ಲು ಈ ಎರಡೂ ದಾರಿಯಲ್ಲಿ ಹುಟ್ಟಬಹುದು. ನಮ್ಮ ಪರಸಿ ಸುಣ್ಣದಕಲ್ಲೇ. ಪದರಗಳ ಗುಂಟ ಸಲೀಸಾಗಿ ಸೀಳುತ್ತದೆ, ಅದಕ್ಕೇ ಹಾಸುಗಲ್ಲಾಗಿ ಅಷ್ಟು ಹೆಸರು.

ಇದೆಲ್ಲ ತಿಳಿದು ಏನಾಗಬೇಕು ಅಂತೀರಾ? ಹೋದ ವರ್ಷ ಮನೆ ರಿಪೇರಿಗೆ ಬಂದ ಮೇಸ್ತ್ರಿ, "ಆಸಿಡ್ ಹಾಕಿ ತಿಕ್ಕಿದ್ರ ಹೊಸಾದರಂಗ ಆಗ್ತದ್ರಿ, ಇಲ್ಲಾಂದ್ರ ಕಿತ್ತು ಟೈಲ್ಸ್ ಹಾಕೂಣು" ಅಂದರು. ಅಣ್ಣ ಟೈಲ್ಸ್ ಕಡೆ. ಅವ್ವ ಮಾತ್ರ, "ನಿಮ್ಮಪ್ಪ ನಿಂತು ಹಾಸಿಸಿದ್ದು" ಅಂದು ಸುಮ್ಮನಾದಳು.

ನಾನು ಒಡೆದ ಪರಸಿಯ ಚೂರೊಂದನ್ನು ಕೆರೆದು, ಆ ಪುಡಿಯ ಮೇಲೆ ನಿಂಬೆರಸ ಹಿಂಡಿ ಅಣ್ಣನಿಗೆ ತೋರಿಸಿದೆ. ಬುಸಬುಸ ಅಂತ ಗುಳ್ಳೆ ಬಂತು. ಕಲ್ಲಿನ ಕ್ಯಾಲ್ಸಿಯಂ ಕಾರ್ಬೊನೇಟ್ ಆಮ್ಲಕ್ಕೆ ಕರಗಿ ಕಾರ್ಬನ್ ಡೈಆಕ್ಸೈಡ್ ಬಿಡುವುದು ಹೀಗೆ. ನಿಂಬೆರಸಕ್ಕೇ ಹೀಗಾದರೆ ಆಸಿಡ್‌ಗೆ ಏನಾಗಬೇಡ? ಹೊಳಪು ಹೋಗಿ ನೆಲ ಒರಟಾಗುತ್ತದೆ, ಕೊಳೆ ಇನ್ನೂ ಬೇಗ ಹಿಡಿಯುತ್ತದೆ. ಆಸಿಡ್ ಕೈಬಿಟ್ಟು ಸೋಪಿನ ನೀರಲ್ಲಿ ತಿಕ್ಕಿಸಿದೆವು, ಒಡೆದ ನಾಲ್ಕು ಕಲ್ಲಷ್ಟೇ ಬದಲಾಯಿಸಿದೆವು. ಟೈಲ್ಸ್ ಬಿಲ್ ಉಳಿದಿದ್ದಕ್ಕೆ ಅಣ್ಣನೂ ಖುಷ್.

ನಿಮ್ಮ ಮನೆಯಲ್ಲೂ ಕಲ್ಲಿನ ನೆಲವಿದ್ದರೆ ಮೊದಲು ಒಂದು ಚೂರಿನ ಮೇಲೆ ಈ ಪರೀಕ್ಷೆ ಮಾಡಿ. ಗುಳ್ಳೆ ಬಂದರೆ ಆಸಿಡ್, ವಿನೆಗರ್, ಟಾಯ್ಲೆಟ್ ಕ್ಲೀನರ್ ಯಾವುದನ್ನೂ ಆ ನೆಲದ ಹತ್ತಿರ ತರಬೇಡಿ.