ಆಟದ ಒಡೆತನ ಮತ್ತು ರಾಷ್ಟ್ರದ ಕಲ್ಪನೆ: ಹೋಡೆನೊಶೋನಿ ಸಮುದಾಯದ ಲ್ಯಾಕ್ರೋಸ್

ಅಂತಾರಾಷ್ಟ್ರೀಯ ಕ್ರೀಡೆಯಲ್ಲಿ ಮಾನವ ಹಕ್ಕುಗಳ ಪ್ರಶ್ನೆಯನ್ನು ಚರ್ಚಿಸುವಾಗ ಸಾಮಾನ್ಯವಾಗಿ ವರ್ಣಭೇದ, ಮಹಿಳೆಯರ ಪ್ರವೇಶ, ಉದ್ದೀಪನ ಮದ್ದುಗಳ ಬಳಕೆ, ಕ್ರೀಡಾಂಗಣ ಕಟ್ಟುವ ಕಾರ್ಮಿಕರ ಸ್ಥಿತಿಗತಿ ಮೊದಲಾದ ಸಂಗತಿಗಳು ಮುನ್ನೆಲೆಗೆ ಬರುತ್ತವೆ. ಒಂದು ಆಟವನ್ನು ಹುಟ್ಟುಹಾಕಿ, ತಲೆಮಾರುಗಳಿಂದ ಅದನ್ನು ಆಚರಣೆಯಾಗಿ ಉಳಿಸಿಕೊಂಡು ಬಂದ ಸಮುದಾಯಕ್ಕೆ ಅದೇ ಆಟದ ಜಾಗತಿಕ ವೇದಿಕೆಯಲ್ಲಿ ತನ್ನ ಹೆಸರಿನಲ್ಲಿ ನಿಲ್ಲುವ ಹಕ್ಕಿದೆಯೇ ಎಂಬ ಪ್ರಶ್ನೆ ಇವುಗಳ ನಡುವೆ ಹಿಂದೆ ಸರಿದುಬಿಡುತ್ತದೆ. ಉತ್ತರ ಅಮೆರಿಕದ ಹೋಡೆನೊಶೋನಿ ಜನರ ಲ್ಯಾಕ್ರೋಸ್ ಆಟದ ಇತಿಹಾಸವು ಈ ಪ್ರಶ್ನೆಯನ್ನು ಅದರ ಎಲ್ಲ ತೊಡಕುಗಳೊಂದಿಗೆ ಮುಂದಿಡುವುದರಿಂದ ಜಾನಪದ ಅಧ್ಯಯನದ ದೃಷ್ಟಿಯಿಂದಲೂ ಅದು ಪರಿಶೀಲನೆಗೆ ಅರ್ಹವಾಗಿದೆ.

ಹೋಡೆನೊಶೋನಿ ಎಂದರೆ ಉದ್ದಮನೆಯ ಜನ. ಮೊಹಾಕ್, ಒನೈಡ, ಒನೊಂಡಾಗ, ಕಯೂಗ, ಸೆನೆಕ ಎಂಬ ಐದು ಜನಾಂಗಗಳ ಒಕ್ಕೂಟಕ್ಕೆ ಹದಿನೆಂಟನೆಯ ಶತಮಾನದ ಆರಂಭದಲ್ಲಿ ಟಸ್ಕರೋರರು ಸೇರಿ ಆರು ಜನಾಂಗಗಳ ಒಕ್ಕೂಟವಾಯಿತು. ಹೊರಗಿನವರು ಇವರನ್ನು ಬಹುಕಾಲ ಇರೋಕ್ವಾಯ್ ಎಂದು ಕರೆದರು. ಆ ಹೆಸರು ಅವರದಲ್ಲ. ಇವರ ನಾಡು ಇಂದು ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಕೆನಡಾಗಳ ಗಡಿಯ ಎರಡೂ ಬದಿಗೆ ಹಂಚಿಹೋಗಿದೆ. ಗಡಿಯನ್ನು ಎಳೆದವರು ಅವರಲ್ಲ ಎಂಬುದನ್ನು ಮುಂದಿನ ಚರ್ಚೆಯುದ್ದಕ್ಕೂ ನೆನಪಿಡಬೇಕಾಗುತ್ತದೆ.

ಇವರಿಗೆ ಲ್ಯಾಕ್ರೋಸ್ ಕೇವಲ ಆಟವಲ್ಲ. ಅದು ಸೃಷ್ಟಿಕರ್ತನ ಮನರಂಜನೆಗಾಗಿ ಆಡುವ ಆಟ, ಔಷಧಿಯ ಆಟ. ರೋಗಪೀಡಿತನಾದವನ ಸಲುವಾಗಿ, ಸಮುದಾಯದ ಸ್ವಾಸ್ಥ್ಯಕ್ಕಾಗಿ ಅದನ್ನು ಆಡಲಾಗುತ್ತದೆ. ಹಿಕೊರಿ ಮರದ ಸೀಳನ್ನು ಆವಿಯಲ್ಲಿ ಬಗ್ಗಿಸಿ, ಒಣಗಿಸಿ, ತುದಿಗೆ ಚರ್ಮದ ದಾರದ ಬಲೆ ಹೆಣೆದು ಮಾಡುವ ಕೋಲನ್ನು ಸಜೀವ ವಸ್ತುವಿನಂತೆ ಕಾಣುತ್ತಾರೆ. ಗಂಡುಮಗುವಿಗೆ ತೊಟ್ಟಿಲಲ್ಲೇ ಪುಟ್ಟ ಕೋಲು ಕೊಡುವುದೂ, ಸತ್ತ ಆಟಗಾರನೊಂದಿಗೆ ಕೋಲನ್ನು ಹೂಳುವುದೂ ವಾಡಿಕೆಯಲ್ಲಿದೆ. ದಕ್ಷಿಣ ಕನ್ನಡದ ಪೊಳಲಿಯ ಜಾತ್ರೆಯಲ್ಲಿ ಚೆಂಡಾಟವು ದೇವಿಯ ಉತ್ಸವದ ಅಂಗವೇ ಆಗಿರುವುದನ್ನು ಬಲ್ಲ ಕನ್ನಡದ ಓದುಗರಿಗೆ ಆಟ ಮತ್ತು ಆರಾಧನೆಗಳ ಈ ನಂಟು ಅಪರಿಚಿತವೆನಿಸದು.

ಆಟದ ಹುಟ್ಟನ್ನು ಕುರಿತ ಮೌಖಿಕ ಕಥೆಯೊಂದು ಹೋಡೆನೊಶೋನಿಗಳಲ್ಲಿಯೂ, ಅವರಿಗೆ ಭಾಷಾಬಂಧುಗಳಾದ ದಕ್ಷಿಣದ ಚೆರೊಕಿಗಳಲ್ಲಿಯೂ ಅಲ್ಪಸ್ವಲ್ಪ ಪಾಠಾಂತರಗಳೊಂದಿಗೆ ಪ್ರಚಲಿತವಾಗಿದೆ. ನಾಲ್ಕು ಕಾಲಿನ ಪ್ರಾಣಿಗಳಿಗೂ ರೆಕ್ಕೆಯ ಹಕ್ಕಿಗಳಿಗೂ ಪಂದ್ಯ ಏರ್ಪಡುತ್ತದೆ. ಇಲಿಯಂಥ ಎರಡು ಪುಟ್ಟ ಜೀವಿಗಳು ತಮ್ಮನ್ನೂ ಸೇರಿಸಿಕೊಳ್ಳಿರೆಂದು ಪ್ರಾಣಿಗಳ ಬಳಿಗೆ ಬಂದಾಗ ಕರಡಿ ಮೊದಲಾದ ಬಲಿಷ್ಠರು ಅವುಗಳ ಗಾತ್ರವನ್ನು ಕಂಡು ನಕ್ಕು ಓಡಿಸುತ್ತಾರೆ. ಅವು ಹಕ್ಕಿಗಳ ಬಳಿಗೆ ಹೋಗುತ್ತವೆ. ಹಕ್ಕಿಗಳು ಯೋಚಿಸಿ ಒಂದಕ್ಕೆ ಚರ್ಮದಿಂದ ರೆಕ್ಕೆ ಮಾಡಿಕೊಡುತ್ತವೆ. ಕೆಲವು ಪಾಠಗಳಲ್ಲಿ ಆ ಚರ್ಮ ವಾದ್ಯದ ಮೇಲಿನದು. ಇನ್ನೊಂದರ ಮೈಚರ್ಮವನ್ನೇ ಎಳೆದು ಹಿಗ್ಗಿಸುತ್ತವೆ. ಹೀಗೆ ಬಾವಲಿಯೂ ಹಾರುವ ಅಳಿಲೂ ಹುಟ್ಟಿ, ಅವುಗಳ ಚಾಕಚಕ್ಯತೆಯಿಂದ ಹಕ್ಕಿಗಳು ಗೆಲ್ಲುತ್ತವೆ. ಕಾರಣಕಥೆಯ ವರ್ಗಕ್ಕೆ ಸೇರುವ ಈ ನಿರೂಪಣೆಯನ್ನು ಬಾವಲಿಗೆ ರೆಕ್ಕೆ ಬಂದುದೇಕೆ ಎಂಬುದಕ್ಕೆ ಮಾತ್ರ ಸೀಮಿತಗೊಳಿಸಿ ಓದುವುದುಂಟು. ಆದರೆ ಆಟದಲ್ಲಿ ಪಾಲ್ಗೊಳ್ಳುವ ಅರ್ಹತೆಯನ್ನು ಯಾರು ನಿರ್ಧರಿಸಬೇಕು, ಯಾವ ಗುಂಪಿಗೂ ಸಲ್ಲದವನ ಸ್ಥಾನವೆಲ್ಲಿ ಎಂಬ ವಿಚಾರವೇ ಕಥೆಯ ಆಶಯವಾಗಿದೆ. ಹಕ್ಕಿಗಳು ನಿಯಮವನ್ನು ಮುರಿಯಲಿಲ್ಲ, ಬಂದವನಿಗೆ ರೆಕ್ಕೆ ಹಚ್ಚಿದವು ಎಂಬುದು ಗಮನಾರ್ಹ.

೧೬೩೦ರ ದಶಕದಲ್ಲಿ ನೆರೆಯ ವೆಂಡಾಟ್ ಜನರ ನಡುವೆ ಇದ್ದ ಜೆಸ್ಯುಟ್ ಪಾದ್ರಿ ಜಾನ್ ದ ಬ್ರೆಬೋಫ್ ಈ ಆಟವನ್ನು ದಾಖಲಿಸಿದ. ಚಿಕಿತ್ಸೆಗಾಗಿ ಆಡುವ ಆಟವು ಅವನ ದೃಷ್ಟಿಗೆ ಮೂಢನಂಬಿಕೆಯಾಗಿ ಕಂಡಿತು. ಆಟಕ್ಕೆ ಇಂದಿರುವ ಹೆಸರು ಫ್ರೆಂಚರು ಕೊಟ್ಟದ್ದು. ಎರಡು ಶತಮಾನಗಳ ತರುವಾಯ ಮಾಂಟ್ರಿಯಲ್ ನಗರದ ದಂತವೈದ್ಯ ವಿಲಿಯಂ ಜಾರ್ಜ್ ಬಿಯರ್ಸ್ ಆಟಕ್ಕೆ ಲಿಖಿತ ನಿಯಮಗಳನ್ನು ರೂಪಿಸಿದ. ಕೆನಡಾ ಒಕ್ಕೂಟ ರಚನೆಯಾದ ೧೮೬೭ರಲ್ಲಿಯೇ ಲ್ಯಾಕ್ರೋಸಿನ ರಾಷ್ಟ್ರೀಯ ಸಂಘವೂ ಸ್ಥಾಪನೆಯಾಯಿತು. ಜಿಂಕೆಯ ಚರ್ಮದ ಚೆಂಡಿನ ಬದಲು ರಬ್ಬರಿನ ಚೆಂಡು ಬಂದಿತು. ಆಟಗಾರರ ಸಂಖ್ಯೆ ಹನ್ನೆರಡಕ್ಕೆ ನಿಗದಿಯಾಯಿತು. ಮೊದಲೇ ಒಪ್ಪಂದವಾಗದ ಹೊರತು ಮೂಲನಿವಾಸಿಯು ಬಿಳಿಯರ ತಂಡದ ಪರವಾಗಿ ಆಡಕೂಡದೆಂಬ ಷರತ್ತು ಬಿಯರ್ಸನ ನಿಯಮಾವಳಿಯಲ್ಲಿಯೇ ಸೇರಿತ್ತು. ಇದೇ ಬಿಯರ್ಸ್ ೧೮೭೬ರಲ್ಲಿ ಕಾನವಾಗೆಯ ಮೊಹಾಕ್ ಆಟಗಾರರನ್ನು ಇಂಗ್ಲೆಂಡಿಗೆ ಕರೆದೊಯ್ದು ವಿಕ್ಟೋರಿಯಾ ರಾಣಿಯ ಮುಂದೆ ಆಡಿಸಿದ. ಪ್ರದರ್ಶನಕ್ಕೆ ಅವರು ಬೇಕಾಗಿದ್ದರು. ೧೮೮೦ರಲ್ಲಿ ಸಂಘವು ಹವ್ಯಾಸಿಗಳಿಗೆ ಮಾತ್ರ ಅವಕಾಶವೆಂಬ ನಿಯಮ ತಂದಾಗ, ಪಂದ್ಯಕ್ಕೆ ಹೋಗಿಬರುವ ಖರ್ಚಿಗಾಗಿ ಹಣ ಪಡೆಯುತ್ತಿದ್ದ ಮೂಲನಿವಾಸಿ ತಂಡಗಳು ವೃತ್ತಿಪರರೆನಿಸಿ ಚಾಂಪಿಯನ್‌ಷಿಪ್ಪಿನಿಂದ ಹೊರಬಿದ್ದವು. ಬಡವನ ಪ್ರಯಾಣದ ಖರ್ಚು ಅನೈತಿಕ ಆದಾಯವಾಗಿಯೂ, ಸಿರಿವಂತನ ಬಿಡುವು ಕ್ರೀಡಾಧರ್ಮವಾಗಿಯೂ ಪರಿಗಣಿತವಾದ ಕಾಲವದು.

೧೯೦೪ರ ಸೇಂಟ್ ಲೂಯಿ ಒಲಿಂಪಿಕ್ಸ್ ಈ ಇತಿಹಾಸದ ಒಂದು ವಿಲಕ್ಷಣ ಘಟ್ಟ. ಲ್ಯಾಕ್ರೋಸ್ ಅಲ್ಲಿ ಸ್ಪರ್ಧೆಯಾಗಿತ್ತು. ಮೂರೇ ತಂಡಗಳು ಇದ್ದವು. ಮೊಹಾಕರ ತಂಡ ಮೂರನೆಯ ಸ್ಥಾನ ಪಡೆಯಿತು. ಪದಕವು ಕೆನಡಾದ ಲೆಕ್ಕಕ್ಕೆ ಸೇರಿತು. ಅದೇ ಬೇಸಿಗೆಯಲ್ಲಿ, ಅದೇ ಊರಿನಲ್ಲಿ, ಒಲಿಂಪಿಕ್ಸಿನೊಂದಿಗೆ ನಡೆಯುತ್ತಿದ್ದ ಜಾಗತಿಕ ವಸ್ತುಪ್ರದರ್ಶನದ ಆಶ್ರಯದಲ್ಲಿ ಆಗಸ್ಟ್ ೧೨ ಮತ್ತು ೧೩ರಂದು ‘ಮಾನವಶಾಸ್ತ್ರದ ದಿನಗಳು’ ಎಂಬ ಹೆಸರಿನ ಕ್ರೀಡಾಕೂಟವೂ ಜರುಗಿತು. ಪ್ರದರ್ಶನದಲ್ಲಿ ನೋಟಕ್ಕಿಡಲಾಗಿದ್ದ ಐನು, ಪೆಟಗೋನಿಯ, ಫಿಲಿಪ್ಪೀನ್ಸ್, ಮಧ್ಯ ಆಫ್ರಿಕ ಹಾಗೂ ಅಮೆರಿಕದ ಮೂಲನಿವಾಸಿಗಳನ್ನು ಅವರಿಗೆ ಪರಿಚಯವೇ ಇಲ್ಲದ ಗುಂಡೆಸೆತ ಮೊದಲಾದ ಸ್ಪರ್ಧೆಗಳಿಗೆ, ಅಭ್ಯಾಸಕ್ಕೆ ಅವಕಾಶವನ್ನೂ ಕೊಡದೆ ಇಳಿಸಲಾಯಿತು. ಬಂದ ಅಂಕಿಅಂಶಗಳನ್ನು ‘ಅನಾಗರಿಕ’ ಜನಾಂಗಗಳ ದೈಹಿಕ ಕೀಳುತನಕ್ಕೆ ಪುರಾವೆಯೆಂದು ಮಂಡಿಸಲಾಯಿತು. ಪ್ರದರ್ಶನದ ಮಾನವಶಾಸ್ತ್ರ ವಿಭಾಗದ ಮುಖ್ಯಸ್ಥ ಡಬ್ಲ್ಯು. ಜೆ. ಮೆಗೀ ಮತ್ತು ಕ್ರೀಡಾ ವಿಭಾಗದ ಜೇಮ್ಸ್ ಸಲಿವನ್ ಇದರ ರೂವಾರಿಗಳು. ಆಧುನಿಕ ಒಲಿಂಪಿಕ್ಸಿನ ಪ್ರವರ್ತಕ ಕೂಬರ್ತ್ಯಾಂ ಅಲ್ಲಿರಲಿಲ್ಲ. ಅನಂತರ ಇದನ್ನು ಟೀಕಿಸಿದ. ಜನಪದವನ್ನು ಅಳೆದು, ಹೆಸರಿಟ್ಟು, ಗಾಜಿನ ಪೆಟ್ಟಿಗೆಯಲ್ಲಿಡುವ ಶಾಸ್ತ್ರಗಳು ಕ್ರೀಡಾಂಗಣದಲ್ಲಿ ಮಾಡಿದ ಈ ಕೆಲಸವನ್ನು ಜಾನಪದ ಸಂಶೋಧಕರು ಅನ್ಯರ ತಪ್ಪೆಂದು ಕೈತೊಳೆದುಕೊಳ್ಳುವಂತಿಲ್ಲ. ವಿಷಯದಾತನನ್ನು ‘ಮಾದರಿ’ಯಾಗಿ ಕಾಣುವ ದೃಷ್ಟಿಯ ಬೇರು ಅಲ್ಲಿಯೂ ಇದೆ.

ಆಟದ ಪ್ರಶ್ನೆಯು ರಹದಾರಿಯ, ಅಂದರೆ ಪಾಸ್‌ಪೋರ್ಟಿನ ಪ್ರಶ್ನೆಯಾಗಿ ಮಾರ್ಪಟ್ಟ ಬಗೆಯನ್ನು ತಿಳಿಯಲು ೧೯೨೩ಕ್ಕೆ ಹೋಗಬೇಕು. ಕಯೂಗ ಜನಾಂಗದ ಮುಖಂಡ ಡೆಸ್ಕಾಹೆ ತನ್ನ ಒಕ್ಕೂಟದ ಪಾಸ್‌ಪೋರ್ಟ್ ಹಿಡಿದು ಜಿನೀವಾಕ್ಕೆ ಹೋಗಿ, ಕೆನಡಾದ ಹಸ್ತಕ್ಷೇಪದ ವಿರುದ್ಧ ರಾಷ್ಟ್ರಸಂಘದ ಮುಂದೆ ಅಹವಾಲು ಸಲ್ಲಿಸಲೆತ್ನಿಸಿದ. ಸಭೆ ಅವನಿಗೆ ಬಾಗಿಲು ತೆರೆಯಲಿಲ್ಲ. ೧೯೭೭ರಲ್ಲಿ ಜಿನೀವಾದಲ್ಲಿ ನಡೆದ ಮೂಲನಿವಾಸಿಗಳ ಸಮ್ಮೇಳನಕ್ಕೆ ಹೋಡೆನೊಶೋನಿ ನಿಯೋಗ ಮತ್ತೆ ತಮ್ಮದೇ ಪಾಸ್‌ಪೋರ್ಟಿನೊಂದಿಗೆ ತೆರಳಿತು. ಒನೊಂಡಾಗದ ಧರ್ಮಪಾಲಕರೂ ಸ್ವತಃ ಹೆಸರಾಂತ ಆಟಗಾರರೂ ಆದ ಓರೆನ್ ಲಯನ್ಸ್ ಮತ್ತು ಸಂಗಡಿಗರು ೧೯೮೩ರಲ್ಲಿ ಇರೋಕ್ವಾಯ್ ನ್ಯಾಷನಲ್ಸ್ ತಂಡವನ್ನು ಕಟ್ಟಿದರು. ಅಂತಾರಾಷ್ಟ್ರೀಯ ಲ್ಯಾಕ್ರೋಸ್ ಒಕ್ಕೂಟ ಆ ದಶಕದ ಕೊನೆಯಲ್ಲಿ ಅದನ್ನು ಪೂರ್ಣ ಸದಸ್ಯ ರಾಷ್ಟ್ರವಾಗಿ ಒಪ್ಪಿಕೊಂಡಿತು. ೧೯೯೦ರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ತಂಡ ಮೊದಲ ವಿಶ್ವ ಚಾಂಪಿಯನ್‌ಷಿಪ್ ಆಡಿತು.

೨೦೧೦ರ ಮ್ಯಾಂಚೆಸ್ಟರ್ ಚಾಂಪಿಯನ್‌ಷಿಪ್ಪಿನ ವೇಳೆಗೆ ಗಡಿಗಳ ಕಾವಲು ಬಿಗಿಯಾಗಿತ್ತು. ಹೋಡೆನೊಶೋನಿ ಪಾಸ್‌ಪೋರ್ಟುಗಳಲ್ಲಿ ಹೊಸ ಭದ್ರತಾ ಲಕ್ಷಣಗಳಿಲ್ಲವೆಂಬುದು ತಕರಾರು. ಅಮೆರಿಕದ ವಿದೇಶಾಂಗ ಇಲಾಖೆ ಒಂದು ಬಾರಿಗೆ ಮಾತ್ರವೆಂದು ವಿನಾಯಿತಿ ನೀಡಿದರೂ ಬ್ರಿಟನ್ ಸರ್ಕಾರ ಅಮೆರಿಕ ಅಥವಾ ಕೆನಡಾದ ಪಾಸ್‌ಪೋರ್ಟನ್ನೇ ಕೇಳಿತು. ಅದನ್ನು ಪಡೆಯುವುದು ಆಟಗಾರರಿಗೆ ಕಷ್ಟವಿರಲಿಲ್ಲ. ಅವರು ಪಡೆಯಲಿಲ್ಲ. ಚಾಂಪಿಯನ್‌ಷಿಪ್ ಕೈತಪ್ಪಿತು. ೨೦೧೫ರಲ್ಲಿ ಸ್ಕಾಟ್‌ಲೆಂಡಿಗೆ ಹೊರಟಿದ್ದ ಹತ್ತೊಂಬತ್ತು ವರ್ಷದೊಳಗಿನ ಯುವತಿಯರ ತಂಡಕ್ಕೂ ಇದೇ ಗತಿಯಾಯಿತು. ಅದೇ ವರ್ಷ ಒಳಾಂಗಣ ಲ್ಯಾಕ್ರೋಸಿನ ವಿಶ್ವ ಚಾಂಪಿಯನ್‌ಷಿಪ್ ಒನೊಂಡಾಗ ನೆಲದಲ್ಲಿಯೇ ನಡೆದು, ಜಗತ್ತಿನ ತಂಡಗಳು ಇವರ ಅತಿಥಿಗಳಾಗಿ ಬಂದವು. ಅಂತಿಮ ಪಂದ್ಯದಲ್ಲಿ ಆತಿಥೇಯರು ಕೆನಡಾಕ್ಕೆ ಸೋತರು.

ಪಂದ್ಯದ ಯೋಗ್ಯತೆಯ ಕುರಿತು ಸಂದೇಹಕ್ಕೆ ಆಸ್ಪದವೇ ಇಲ್ಲ. ೨೦೧೪, ೨೦೧೮ ಮತ್ತು ೨೦೨೩ರ ಪುರುಷರ ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ತಂಡ ಕಂಚಿನ ಪದಕ ಗಳಿಸಿದೆ. ಆದಾಗ್ಯೂ ಬರ್ಮಿಂಗ್‌ಹ್ಯಾಮಿನಲ್ಲಿ ೨೦೨೨ರಲ್ಲಿ ನಡೆಯಲಿದ್ದ ವಿಶ್ವ ಕ್ರೀಡಾಕೂಟದ ಪಟ್ಟಿಯಿಂದ ಅದನ್ನು ಮೊದಲು ಕೈಬಿಡಲಾಗಿತ್ತು. ರಾಷ್ಟ್ರೀಯ ಒಲಿಂಪಿಕ್ ಸಮಿತಿ ಇಲ್ಲವೆಂಬುದು ಮುಖ್ಯ ಕಾರಣ. ೨೦೨೦ರಲ್ಲಿ ಸಾರ್ವಜನಿಕ ವಿರೋಧ ವ್ಯಕ್ತವಾಗಿ ನಿರ್ಧಾರ ಬದಲಾದಾಗ ಐರ್ಲೆಂಡ್ ತಂಡ ತನ್ನ ಸ್ಥಾನವನ್ನು ಸ್ವಯಂಪ್ರೇರಣೆಯಿಂದ ಬಿಟ್ಟುಕೊಟ್ಟಿತು. ನಿಯಮ ಮಾಡುವವರಿಗಿಂತ ಆಡುವವರು ಮುಂದಿದ್ದರು. ತಂಡ ೨೦೨೨ರಲ್ಲಿ ಇರೋಕ್ವಾಯ್ ಎಂಬ ಹೆಸರನ್ನು ಕಳಚಿ ಹೋಡೆನೊಶೋನಿ ನ್ಯಾಷನಲ್ಸ್ ಎನಿಸಿಕೊಂಡಿತು.

ಒಲಿಂಪಿಕ್ ಸನದು ‘ದೇಶ’ವೆಂದರೆ ಅಂತಾರಾಷ್ಟ್ರೀಯ ಸಮುದಾಯ ಮಾನ್ಯಮಾಡಿದ ಸ್ವತಂತ್ರ ಪ್ರಭುತ್ವವೆಂದು ವ್ಯಾಖ್ಯಾನಿಸುತ್ತದೆ. ಈ ವ್ಯಾಖ್ಯಾನ ಅನಾದಿಯಲ್ಲ, ೧೯೯೬ರ ತಿದ್ದುಪಡಿಯಿಂದ ಬಂದದ್ದು. ಪೋರ್ಟೊರಿಕೊ, ಹಾಂಗ್‌ಕಾಂಗ್‌ಗಳಂಥವು ಅದಕ್ಕೂ ಮುಂಚೆ ಪ್ರವೇಶ ಪಡೆದು ಇಂದಿಗೂ ಪ್ರತ್ಯೇಕವಾಗಿ ಆಡುತ್ತಿವೆ. ಭಾರತದ ಉದಾಹರಣೆಯನ್ನೇ ನೋಡಬಹುದು. ೧೯೨೦ರ ಆಂಟ್‌ವರ್ಪ್ ಒಲಿಂಪಿಕ್ಸಿನ ಮ್ಯಾರಥಾನ್ ಓಟದಲ್ಲಿ ಹತ್ತೊಂಬತ್ತನೆಯವನಾಗಿ ಗುರಿ ಮುಟ್ಟಿದ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ, ೧೯೨೮ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಚಿನ್ನ ಗೆದ್ದ ಹಾಕಿ ತಂಡ – ಇವರು ಪ್ರತಿನಿಧಿಸಿದ್ದು ಪರಾಧೀನ ದೇಶವನ್ನು. ಇಂದಿನ ವ್ಯಾಖ್ಯಾನ ಅಂದೇ ಇದ್ದಿದ್ದರೆ ಭಾರತದ ಹೆಸರು ಆ ಕೂಟಗಳಲ್ಲಿ ಇರುತ್ತಿರಲಿಲ್ಲ. ೨೦೧೬ರ ರಿಯೊ ಕೂಟದಲ್ಲಿ ಹತ್ತು ಮಂದಿ ನಿರಾಶ್ರಿತರ ತಂಡಕ್ಕೆ ಒಲಿಂಪಿಕ್ ಧ್ವಜದಡಿ ಅವಕಾಶ ದೊರೆತದ್ದು ಔದಾರ್ಯದ ನಿದರ್ಶನವೇ ಸರಿ. ಆದರೆ ನಿರಾಶ್ರಿತನಿಗೆ ದೇಶವಿಲ್ಲವೆಂದು ಅವಕಾಶ. ಹೋಡೆನೊಶೋನಿಯ ವಾದವು ತನಗೆ ದೇಶವಿದೆ ಎಂಬುದು. ಎರಡನ್ನೂ ಒಂದೇ ಅನುಕಂಪದ ತಕ್ಕಡಿಯಲ್ಲಿ ತೂಗಲಾಗದು.

೨೦೦೭ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮೂಲನಿವಾಸಿ ಜನರ ಹಕ್ಕುಗಳ ಘೋಷಣೆಯು ತನ್ನ ೩೧ನೆಯ ವಿಧಿಯಲ್ಲಿ ಮೌಖಿಕ ಪರಂಪರೆ, ಸಾಹಿತ್ಯ, ಕಲೆಗಳೊಂದಿಗೆ ಕ್ರೀಡೆ ಮತ್ತು ಸಾಂಪ್ರದಾಯಿಕ ಆಟಗಳನ್ನೂ ಅವರು ಉಳಿಸಿಕೊಳ್ಳುವ, ನಿಯಂತ್ರಿಸುವ, ಬೆಳೆಸುವ ಹಕ್ಕನ್ನು ಎತ್ತಿಹಿಡಿದಿದೆ. ಭಾರತವೂ ಸೇರಿ ೧೪೪ ರಾಷ್ಟ್ರಗಳು ಪರವಾಗಿ ಮತ ನೀಡಿದವು. ವಿರೋಧಿಸಿದ ನಾಲ್ಕರಲ್ಲಿ ಕೆನಡಾ ಮತ್ತು ಅಮೆರಿಕ ಸಂಯುಕ್ತ ಸಂಸ್ಥಾನ ಇದ್ದವು. ಮುಂದೆ ಅವೂ ಬೆಂಬಲ ಸೂಚಿಸಿದವು. ಘೋಷಣೆಗೆ ಕಾನೂನಿನ ಬಂಧನವಿಲ್ಲ.

ಸಮುದಾಯದ ಹಕ್ಕನ್ನು ಎತ್ತಿಹಿಡಿಯುವಾಗ ಸಮುದಾಯದ ಒಳಗಿನ ಹೊರಗಿಡುವಿಕೆಯನ್ನು ಮರೆಮಾಚುವುದು ಪ್ರಾಮಾಣಿಕ ಅಧ್ಯಯನವಾಗದು. ಮರದ ಕೋಲನ್ನು ಹೆಂಗಸರು ಮುಟ್ಟಬಾರದೆಂಬ ಕಟ್ಟಳೆ ಹೋಡೆನೊಶೋನಿಗಳಲ್ಲಿದೆ. ಮುಖಂಡರನ್ನು ಆರಿಸುವ, ಪದಚ್ಯುತಗೊಳಿಸುವ ಅಧಿಕಾರ ಕುಲಮಾತೆಯರ ಕೈಯಲ್ಲಿರುವ ಮಾತೃಮೂಲ ಸಮಾಜವಿದು. ಹೆಣ್ಣುಮಕ್ಕಳು ಈ ಆಟವಾಡುವುದಕ್ಕೆ ಆ ಕುಲಮಾತೆಯರಲ್ಲಿಯೇ ಕೆಲವರಿಂದ ಪ್ರತಿರೋಧವಿತ್ತು. ಹಾಗಿದ್ದೂ ಮಹಿಳೆಯರ ತಂಡ ರೂಪುಗೊಂಡು ೨೦೦೯ರಿಂದ ವಿಶ್ವಕಪ್ ಆಡುತ್ತ ಬಂದಿದೆ. ಅವರು ಬಳಸುವುದು ಪ್ಲಾಸ್ಟಿಕ್ ಮತ್ತು ಲೋಹದ ಕೋಲನ್ನು; ಔಷಧಿಯ ಆಟದ ಮರದ ಕೋಲು ಗಂಡಸರಲ್ಲಿಯೇ ಉಳಿದಿದೆ. ಆಚರಣೆಯ ಆಟವನ್ನೂ ಸ್ಪರ್ಧೆಯ ಆಟವನ್ನೂ ಬೇರ್ಪಡಿಸಿಕೊಂಡ ಈ ಏರ್ಪಾಡು ಸಮಾನತೆಯ ತತ್ತ್ವಕ್ಕೆ ಪೂರ್ತಿ ಸಮಾಧಾನ ನೀಡಲಾರದು. ಆದರೆ ಹೊರಗಿನ ಯಾವ ಸಮಿತಿಯೂ ವಿಧಿಸದೆ, ಆಡಬೇಕೆಂದ ಹೆಣ್ಣುಮಕ್ಕಳೂ ಬೇಡವೆಂದ ಹಿರಿಯರೂ ಒಂದೇ ಊರಿನಲ್ಲಿ ಬಾಳುತ್ತ ಕಂಡುಕೊಂಡ ದಾರಿ ಎಂಬ ಕಾರಣಕ್ಕೆ ಅದಕ್ಕೆ ಬೆಲೆಯಿದೆ. ಸಂಪ್ರದಾಯವನ್ನು ಅಚಲವೆಂದು ಭಾವಿಸಿ ಬರೆದ ಜಾನಪದ ಗ್ರಂಥಗಳಿಗೆ ಇದು ಒಂದು ತಿದ್ದುಪಡಿಯೂ ಹೌದು.

ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ೧೪೧ನೆಯ ಅಧಿವೇಶನ ೨೦೨೩ರ ಅಕ್ಟೋಬರಿನಲ್ಲಿ ಮುಂಬೈಯಲ್ಲಿ ಸೇರಿತು. ೨೦೨೮ರ ಲಾಸ್ ಏಂಜಲೀಸ್ ಕೂಟಕ್ಕೆ ಕ್ರಿಕೆಟ್ ಸೇರಿದ ಸುದ್ದಿಯ ಸಂಭ್ರಮದಲ್ಲಿ ಅದೇ ನಿರ್ಣಯದಲ್ಲಿ ಲ್ಯಾಕ್ರೋಸ್ ಕೂಡ ಸೇರಿದುದನ್ನು ಭಾರತದಲ್ಲಿ ಗಮನಿಸಿದವರು ವಿರಳ. ಒಲಿಂಪಿಕ್ ಸನದಿನ ಮೂಲತತ್ತ್ವಗಳಲ್ಲಿ ಅಂತಾರಾಷ್ಟ್ರೀಯವಾಗಿ ಮಾನ್ಯವಾದ ಮಾನವ ಹಕ್ಕುಗಳ ಗೌರವವನ್ನು ಸ್ಪಷ್ಟ ಶಬ್ದಗಳಲ್ಲಿ ಸೇರಿಸಿದ್ದೂ ಇದೇ ಅಧಿವೇಶನ. ಎರಡು ತಿಂಗಳ ಬಳಿಕ ಅಮೆರಿಕದ ಅಧ್ಯಕ್ಷ ಜೋ ಬೈಡನ್, ಹೋಡೆನೊಶೋನಿಗಳು ತಮ್ಮದೇ ಧ್ವಜದಡಿ ಆಡಲು ಅವಕಾಶವಾಗಬೇಕೆಂದು ಬಹಿರಂಗವಾಗಿ ಬೆಂಬಲಿಸಿದರು. ಒಲಿಂಪಿಕ್ ಸಮಿತಿ ಆಗ ನೀಡಿದ ಉತ್ತರ ಚಿಕ್ಕದು. ಮಾನ್ಯತೆ ಪಡೆದ ರಾಷ್ಟ್ರೀಯ ಒಲಿಂಪಿಕ್ ಸಮಿತಿಗಳು ಮಾತ್ರ ತಂಡಗಳನ್ನು ಕಳುಹಿಸಬಹುದು. ಹೋಡೆನೊಶೋನಿ ಆಟಗಾರರನ್ನು ತಮ್ಮ ತಂಡಗಳಿಗೆ ಸೇರಿಸಿಕೊಳ್ಳುವುದು ಅಮೆರಿಕ ಮತ್ತು ಕೆನಡಾದ ಸಮಿತಿಗಳಿಗೆ ಬಿಟ್ಟದ್ದು, ಅದೂ ಅವರ ಕೈಯಲ್ಲಿರುವ ಪಾಸ್‌ಪೋರ್ಟ್ ಯಾವುದೆಂಬುದನ್ನು ಅವಲಂಬಿಸಿ.