ಮಾಹಿತಿ ವೇಗದ ಏಕಮಾನಗಳು ಮತ್ತು ಅವುಗಳ ಪರಿವರ್ತನೆ

ದಾನಿಗಳ ನೆರವಿನಿಂದ ಶಾಲೆಗೊಂದು ಅಂತರಜಾಲ ಸಂಪರ್ಕವನ್ನು ಪಡೆದು, ಕರಾರುಪತ್ರದಲ್ಲಿ ‘ಸೆಕೆಂಡಿಗೆ 100 ಮೆಗಾಬಿಟ್’ ಎಂದು ಓದಿ ಸಂತೋಷಪಟ್ಟ ಆಡಳಿತ ಮಂಡಲಿಯವರು, ಗಣಕಯಂತ್ರದ ಪರದೆಯ ಮೇಲೆ ‘11.3’ ಎಂಬ ಅಂಕಿಯನ್ನು ಕಂಡರೆ ಏನೆಂದು ಭಾವಿಸಿಯಾರು? ನೂರಕ್ಕೆ ಹಣ ತೆತ್ತು ಹನ್ನೊಂದನ್ನು ಪಡೆದೆವೆಂದು ಮರುಗುವುದು ಸಹಜ. ದಾನಿಗಳಿಗೆ ಲೆಕ್ಕ ಒಪ್ಪಿಸಬೇಕಾದವರಿಗಂತೂ ಇದು ಸಂಕೋಚದ ಸಂಗತಿ. ವಾಸ್ತವವಾಗಿ ಇಲ್ಲಿ ಯಾರೂ ಯಾರನ್ನೂ ವಂಚಿಸಿಲ್ಲ. ಎರಡು ಅಂಕಿಗಳೂ ಸರಿಯೆ, ಅಳತೆಗಳು ಬೇರೆ.

ಗಣಕಯಂತ್ರಕ್ಕೆ ತಿಳಿದಿರುವುದು ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳು. ಇಂಥ ಒಂದು ಅಂಕಿಗೆ ‘ಬಿಟ್’ ಎಂದು ಹೆಸರು. ಕ್ಲಾಡ್ ಶಾನನ್ 1948ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ಪದ ಕಾಣಿಸಿಕೊಂಡಿತು. ಅದನ್ನು ಸೂಚಿಸಿದವರು ಜಾನ್ ಟ್ಯೂಕಿ ಎಂದು ಅಲ್ಲಿಯೇ ಸ್ಮರಿಸಲಾಗಿದೆ. ‘ಬೈಟ್’ ಎಂಬುದು 1956ರಲ್ಲಿ ಐಬಿಎಂ ಸಂಸ್ಥೆಯ ವರ್ನರ್ ಬುಕ್‌ಹೋಲ್ಜ್ ರೂಪಿಸಿದ ಪದ. ಆರಂಭದಲ್ಲಿ ಅದರ ಗಾತ್ರ ಸ್ಥಿರವಾಗಿರಲಿಲ್ಲ. ಕ್ರಮೇಣ ಎಂಟು ಬಿಟ್‌ಗಳಿಗೆ ಒಂದು ಬೈಟ್ ಎಂದು ನೆಲೆಗೊಂಡಿತು. ತಂತಿಯಲ್ಲಿ ಹರಿಯುವುದನ್ನು ಬಿಟ್‌ಗಳಲ್ಲಿಯೂ ಸಂಗ್ರಹದಲ್ಲಿ ಇರುವುದನ್ನು ಬೈಟ್‌ಗಳಲ್ಲಿಯೂ ಅಳೆಯುವುದು ರೂಢಿ. ಇಂಗ್ಲಿಷಿನ ಸಣ್ಣ ‘ಬಿ’ ಬಿಟ್ಟಿಗೆ, ದೊಡ್ಡ ‘ಬಿ’ ಬೈಟಿಗೆ. ಒಂದೇ ಅಕ್ಷರದ ಎರಡು ರೂಪಗಳಿಗೆ ಎಂಟು ಪಟ್ಟು ಅಂತರವನ್ನು ಹೊರಿಸಿದ್ದು ಜಾಣತನವೆಂದು ಹೇಳಲಾರೆ.

ಆಣೆಯ ಲೆಕ್ಕ ಕಲಿತ ಹಿರಿಯರಿಗೆ ಇಂಥ ಪರಿವರ್ತನೆ ಹೊಸತಲ್ಲ. ಆಣೆಗಳನ್ನು ರೂಪಾಯಿಗೆ ತರಲು ಹದಿನಾರರಿಂದ ಭಾಗಿಸುತ್ತಿದ್ದರು. ಇಲ್ಲಿ ಎಂಟರಿಂದ ಭಾಗಿಸಬೇಕು. 100 ಮೆಗಾಬಿಟ್ಟೆಂದರೆ 12.5 ಮೆಗಾಬೈಟ್.

ಹಾಗಾದರೆ 11.3 ಎಲ್ಲಿಂದ ಬಂತು? ಇದಕ್ಕೆ ಎರಡು ಕಾರಣಗಳುಂಟು. ಮಾಹಿತಿಯು ತುಣುಕು ತುಣುಕಾಗಿ, ವಿಳಾಸ ಬರೆದ ಲಕೋಟೆಗಳಲ್ಲಿ ಇಟ್ಟಂತೆ ಸಾಗುತ್ತದೆ. ಸಾಮಾನ್ಯವಾದ ಈಥರ್ನೆಟ್ ವ್ಯವಸ್ಥೆಯಲ್ಲಿ 1,538 ಬೈಟ್‌ಗಳ ಅವಕಾಶ ವ್ಯಯವಾದಾಗ ನಮ್ಮ ಕೈಸೇರುವ ತಿರುಳು ಹೆಚ್ಚೆಂದರೆ 1,460 ಬೈಟ್. ಉಳಿದುದು ಲಕೋಟೆಯ ಪಾಲು. ಹೀಗೆ 12.5 ಎಂಬುದು 11.87ಕ್ಕೆ ಇಳಿಯುತ್ತದೆ. ಎರಡನೆಯದು, ಸಂಪರ್ಕ ಒದಗಿಸುವವರ ‘ಮೆಗಾ’ ಹತ್ತು ಲಕ್ಷ. ವಿಂಡೋಸ್ ವ್ಯವಸ್ಥೆಯ ‘ಮೆಗಾ’ 1,024ನ್ನು 1,024ರಿಂದ ಗುಣಿಸಿದಾಗ ಬರುವ 10,48,576. ಈ ದೊಡ್ಡ ಅಳತೆಗೆ 1998ರಲ್ಲಿಯೇ ‘ಮೆಬಿಬೈಟ್’ ಎಂಬ ಪ್ರತ್ಯೇಕ ನಾಮವನ್ನು ಅಂತರರಾಷ್ಟ್ರೀಯ ವಿದ್ಯುತ್‌ತಾಂತ್ರಿಕ ಆಯೋಗ ಕೊಟ್ಟಿತಾದರೂ ಬಳಕೆಯಲ್ಲಿ ಅದು ಬೇರೂರಲಿಲ್ಲ. ಆ ದೊಡ್ಡ ಕೊಳಗದಿಂದ ಅಳೆದರೆ 11.87 ಎಂಬುದು 11.32 ಆಗುತ್ತದೆ. ಪರದೆ ತೋರಿಸಿದ್ದು ಇದನ್ನೇ. ಬೇರೆ ಯಾರೂ ಬಳಸದ ವೇಳೆಯಲ್ಲಿ, ತಂತಿಯ ಮೂಲಕವೇ ಜೋಡಿಸಿದ ಯಂತ್ರದಲ್ಲಿ, ಪದೇ ಪದೇ ನಾಲ್ಕೋ ಐದೋ ಕಂಡುಬಂದರೆ ಆಗ ಕಂಪನಿಯವರನ್ನು ಧಾರಾಳವಾಗಿ ಪ್ರಶ್ನಿಸಬಹುದು.

‘ಬಾಡ್’ ಎಂಬ ಹಳೆಯ ಏಕಮಾನವನ್ನೂ ಇಲ್ಲಿ ನೆನೆಯಬೇಕು. ಫ್ರಾನ್ಸಿನ ತಂತಿ ತಂತ್ರಜ್ಞ ಎಮಿಲ್ ಬೋಡೋ ಅವರ ಹೆಸರಿನಿಂದ ಬಂದ ಇದು, ಸಂಕೇತವು ಸೆಕೆಂಡಿಗೆ ಎಷ್ಟು ಬಾರಿ ಬದಲಾಗಬಹುದೆಂಬುದನ್ನು ಹೇಳುತ್ತದೆ. ಟೆಲೆಕ್ಸ್ ಯಂತ್ರದ ವೇಗ 50 ಬಾಡ್. ಅಕ್ಷರವೊಂದಕ್ಕೆ ಏಳೂವರೆ ಘಟಕಗಳಂತೆ ನಿಮಿಷಕ್ಕೆ 400 ಅಕ್ಷರಗಳು. ಬಾಡನ್ನೂ ಬಿಟ್ಟನ್ನೂ ಒಂದೆಂದು ತಿಳಿಯುವುದು ತಪ್ಪು. 9,600 ಬಿಟ್ ವೇಗದ ಮೋಡೆಮ್ಮುಗಳು 2,400 ಬಾಡ್‌ನಲ್ಲಿಯೇ, ಪ್ರತಿ ಬದಲಾವಣೆಗೆ ನಾಲ್ಕು ಬಿಟ್ ಹೊರಿಸಿ, ಕೆಲಸ ಮಾಡಿದವು.

ಇನ್ನು ತರಗತಿಯ ಲೆಕ್ಕಕ್ಕೆ ಬರೋಣ. ಲಕೋಟೆಯ ನಷ್ಟವನ್ನು ಸದ್ಯಕ್ಕೆ ಬದಿಗಿಡೋಣ. 45 ಮೆಗಾಬೈಟ್ ಗಾತ್ರದ ಪಾಠಚಿತ್ರವೊಂದು 100 ಮೆಗಾಬಿಟ್ ಸಂಪರ್ಕದಲ್ಲಿ 3.6 ಸೆಕೆಂಡಿನಲ್ಲಿ ಬಂದಿಳಿಯುತ್ತದೆ. ನಲವತ್ತು ಮಕ್ಕಳು ನಲವತ್ತು ಯಂತ್ರಗಳಲ್ಲಿ ಅದನ್ನು ಏಕಕಾಲಕ್ಕೆ ತರಿಸಿದರೆ ತಲಾ 2.5 ಮೆಗಾಬಿಟ್, ಅಂದರೆ 0.3125 ಮೆಗಾಬೈಟ್ ಪಾಲು. 144 ಸೆಕೆಂಡು ಕಾಯಬೇಕು. ಆ ಎರಡೂವರೆ ನಿಮಿಷದಲ್ಲಿ ತರಗತಿಯ ಗಮನ ಎತ್ತ ಹರಿಯುವುದೆಂಬುದನ್ನು ಶಿಕ್ಷಕರಿಗೆ ಹೇಳಬೇಕಾಗಿಲ್ಲ. ಹೆಚ್ಚಿನ ವೇಗಕ್ಕಾಗಿ ದಾನಿಗಳನ್ನು ಮತ್ತೆ ಕೇಳುವ ಮೊದಲು, ಪಾಠಚಿತ್ರವನ್ನು ಹಿಂದಿನ ದಿನವೇ ಒಮ್ಮೆ ತರಿಸಿ ಶಾಲೆಯ ಯಂತ್ರವೊಂದರಲ್ಲಿ ಇರಿಸಿ, ಅಲ್ಲಿಂದ ಎಲ್ಲರಿಗೂ ತೋರಿಸುವ ಏರ್ಪಾಡು ಮಾಡಬಹುದು.