ನಿಮಗಿದು ಗೊತ್ತೆ? ಮಾಲೀಕರು ಐದು ಲಕ್ಷ, ಮಾತು ಮಾತ್ರ ನಡೆಯದು!

ಅಮೆರಿಕನ್ ಫುಟ್‌ಬಾಲ್ ತಂಡ ಗ್ರೀನ್ ಬೇ ಪ್ಯಾಕರ್ಸ್‌ಗೆ ಐದು ಲಕ್ಷಕ್ಕೂ ಹೆಚ್ಚು ಮಾಲೀಕರು. ಬಹುತೇಕ ಎಲ್ಲರೂ ಅಭಿಮಾನಿಗಳೇ.

ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಊರಿನ ಜನಸಂಖ್ಯೆಯೇ ಒಂದು ಲಕ್ಷದ ಆಸುಪಾಸು! ತಂಡ 1923ರಿಂದಲೂ ಷೇರುದಾರರದ್ದು. 2021ರಲ್ಲಿ ಒಂದು ಷೇರಿನ ಬೆಲೆ 300 ಡಾಲರ್. ಲಾಭಾಂಶವಿಲ್ಲ, ಬೇರೆಯವರಿಗೆ ಮಾರಿ ಲಾಭ ಮಾಡುವಂತಿಲ್ಲ, ಪಂದ್ಯದ ಟಿಕೆಟ್ಟೂ ಪುಕ್ಕಟೆಯಲ್ಲ. ಆದರೂ ಜನ ಮುಗಿಬಿದ್ದು ಕೊಂಡರು.

ಋತು ಮುಗಿದರೆ ಸಾಕು, ಯಾರನ್ನು ಉಳಿಸಬೇಕು, ಯಾರನ್ನು ಕೈಬಿಡಬೇಕು, ಹೊಸ ಆಟಗಾರರ ಆಯ್ಕೆಯಾದ ಡ್ರಾಫ್ಟ್‌ನಲ್ಲಿ ಯಾರನ್ನು ಆರಿಸಬೇಕು ಎಂದು ಅಭಿಮಾನಿಗಳ ಪಟ್ಟಿ ಸಿದ್ಧ. ಷೇರಿದ್ದರೂ ಆ ಪಟ್ಟಿಗೆ ಕಿಮ್ಮತ್ತಿಲ್ಲ. ಆಡಳಿತ ಮಂಡಳಿಗೆ ಮತ ಹಾಕಬಹುದು, ಅಷ್ಟೇ.

ಬೇಸಿಗೆಯ ತರಬೇತಿ ಶಿಬಿರದ 90 ಆಟಗಾರರನ್ನು 53ಕ್ಕೆ ಇಳಿಸುವ ಕತ್ತರಿ ಇರುವುದು ಜನರಲ್ ಮ್ಯಾನೇಜರ್ ಕೈಯಲ್ಲಿ.